ತುಮಕೂರಿನಲ್ಲಿ ಮನೆ: ಬಾಡಿಗೆಯೋ, ಭೋಗ್ಯವೋ, ಕಟ್ಟಿದ ಮನೆಯೋ, ಸೈಟೋ? ಯಾವ ತಿಂಗಳಲ್ಲಿ ಹುಡುಕಬೇಕು?

ಕಳೆದ ಎರಡು ತಿಂಗಳಲ್ಲಿ ಮೂರು ಮನೆಯವರು ನನ್ನ ಹತ್ತಿರ ಹೆಚ್ಚುಕಡಿಮೆ ಒಂದೇ ಪ್ರಶ್ನೆ ತಂದರು. ಒಬ್ಬರು ಆಸ್ಪತ್ರೆಯಲ್ಲಿ ನರ್ಸ್. ಎಸ್.ಎಸ್. ಪುರಂನಲ್ಲಿ ಬಾಡಿಗೆಗಿದ್ದಾರೆ. ಮಾಲೀಕರು "ಬಾಡಿಗೆ ಯಾಕೆ, ಭೋಗ್ಯಕ್ಕೇ ಹಾಕ್ಕೊಳ್ಳಮ್ಮ" ಅನ್ನುತ್ತಿದ್ದಾರಂತೆ. ಅಂದರೆ ದೊಡ್ಡ ಮೊತ್ತ ಒಟ್ಟಿಗೆ ಕೊಟ್ಟು ಬಾಡಿಗೆ ಇಲ್ಲದೆ ಇರುವುದು, ಅವಧಿ ಮುಗಿದಾಗ ಆ ದುಡ್ಡು ವಾಪಸ್. ಇನ್ನೊಬ್ಬ ದಿನಾ ರೈಲಿನಲ್ಲಿ ಯಶವಂತಪುರಕ್ಕೆ ಹೋಗಿ ಬರುವ ಹುಡುಗ, ಮದುವೆಯಾಗಿ ಒಂದು ವರ್ಷ. ಅವನಿಗೆ ಸೈಟೋ ಫ್ಲ್ಯಾಟೋ ಅನ್ನುವ ಗೊಂದಲ. ಮೂರನೆಯವರು ಶಿರಾ ಕಡೆಯ ನಿವೃತ್ತ ಮೇಷ್ಟ್ರು ಮತ್ತು ಅವರ ಮನೆಯವರು. ಪಿಂಚಣಿ ಬರುತ್ತದೆ, ನಿವೃತ್ತಿಯ ದುಡ್ಡು ಬ್ಯಾಂಕಿನಲ್ಲಿದೆ, ಆಸ್ಪತ್ರೆಗೆ ಹತ್ತಿರ ಇರಬೇಕು ಅನ್ನುವ ಆಸೆ.

ಮೂವರೂ ಕೊನೆಗೆ ಕೇಳಿದ್ದು ಒಂದೇ: "ರೇಟ್ ಇಳಿಯುತ್ತಾ? ಕಾಯೋಣ್ವಾ?"

ನಾನು ನೋಡಿದ ಮಟ್ಟಿಗೆ ನಮ್ಮೂರಲ್ಲಿ ಬಾಯಿಮಾತಿನ ರೇಟ್ ಇಳಿಯುವುದು ಬಹಳ ಕಡಿಮೆ. ತಿಂಗಳಿಂದ ತಿಂಗಳಿಗೆ ಬದಲಾಗುವುದು ಮಾರುವವರ ಅವಸರ. ಅದನ್ನು ಹಿಡಿಯಲು ಬಂದರೆ ಚೌಕಾಸಿಗೆ ಜಾಗ ಸಿಗುತ್ತದೆ. ಆದರೆ ಯಾವ ತಿಂಗಳು ಅಂತ ಕೇಳುವ ಮೊದಲು ಏನು ಬೇಕು ಅನ್ನುವುದು ಗೊತ್ತಿರಬೇಕು.

ಮೊದಲು ಇಷ್ಟು ಯೋಚಿಸಿ

ಎಷ್ಟು ವರ್ಷ ಇಲ್ಲಿರುತ್ತೀರಿ? ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಕಾರಣ ಲೆಕ್ಕದಲ್ಲಿದೆ. ನಮ್ಮ ರಾಜ್ಯದಲ್ಲಿ ಮನೆ ಅಥವಾ ಸೈಟ್ ಕ್ರಯಕ್ಕೆ ಮುದ್ರಾಂಕ ಶುಲ್ಕ 5%. ಅದರ ಮೇಲೆ ಸೆಸ್, ಸರ್ಚಾರ್ಜ್. ನೋಂದಣಿ ಶುಲ್ಕ 1% ಇದ್ದದ್ದು 2025ರ ಆಗಸ್ಟ್ ಕೊನೆಯಿಂದ 2% ಆಗಿದೆ. ನಗರದೊಳಗೆ ಎಲ್ಲ ಸೇರಿ 7.6%. 40 ಲಕ್ಷದ ಮನೆಗೆ 3 ಲಕ್ಷ 4 ಸಾವಿರ ರೂಪಾಯಿ ರಿಜಿಸ್ಟ್ರೇಷನ್‌ಗೇ ಹೋಯಿತು. ಎರಡು ಮೂರು ವರ್ಷದಲ್ಲಿ ವರ್ಗ ಆಗಬಹುದು ಅನ್ನುವವರು ಈ ದುಡ್ಡನ್ನು ಸುಮ್ನೆ ಕಳೆದುಕೊಳ್ಳುತ್ತಾರೆ. ಐದು ವರ್ಷಕ್ಕಿಂತ ಕಡಿಮೆ ಇರುವುದಾದರೆ ಕೊಳ್ಳಬೇಡಿ ಅಂತಲೇ ನಾನು ಹೇಳುವುದು.

ಎರಡನೆಯದು ನೀರು. ತುಮಕೂರಿಗೆ ಹೇಮಾವತಿ ನೀರು ಬುಗುಡನಹಳ್ಳಿ ಕೆರೆಗೆ ಬಂದು, ಅಲ್ಲಿಂದ ಶುದ್ಧವಾಗಿ ಊರಿಗೆ ಬರುತ್ತದೆ. ಮಳೆಗಾಲದಲ್ಲಿ ನಾಲೆಗೆ ನೀರು ಬಿಟ್ಟಾಗ ಕೆರೆ ತುಂಬಿಸಿಕೊಂಡದ್ದೇ ಬೇಸಿಗೆಗೂ ಆಗಬೇಕು. ಹಾಗಾಗಿ ಸೆಪ್ಟೆಂಬರಿನಲ್ಲಿ ನಲ್ಲಿ ತಿರುಗಿಸಿ ನೋಡಿ "ನೀರು ಚೆನ್ನಾಗಿದೆ" ಅನ್ನುವುದಕ್ಕೂ ಏಪ್ರಿಲ್‌ನಲ್ಲಿ ನೋಡುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಪಾಲಿಕೆ ನಲ್ಲಿ ಇಲ್ಲದ ಹೊಸ ಬಡಾವಣೆಯಾದರೆ ಬೋರ್ ಒಂದೇ ಗತಿ. ನೀರು ಗಡುಸಾಗಿದ್ದರೆ ಗೀಸರ್, ನಲ್ಲಿ, ಬಟ್ಟೆ ಎಲ್ಲದರ ಮೇಲೂ ಬಿಳಿ ಕಟ್ಟುತ್ತದೆ.

ಮೂರನೆಯದು ದಿನದ ಓಡಾಟ. ಬೆಂಗಳೂರು 70 ಕಿಲೋಮೀಟರ್. ರೈಲಿನ ಪಾಸ್ ಅಗ್ಗ. ಆದರೆ ಮನೆಯಿಂದ ಸ್ಟೇಷನ್‌ಗೆ ಹೋಗುವ ಖರ್ಚು, ಸಮಯ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾಲ್ಕನೆಯದು ಕಾಗದಪತ್ರ. ಐದನೆಯದು, ಎಲ್ಲ ಕೊಟ್ಟ ಮೇಲೆ ಕೈಯಲ್ಲಿ ಉಳಿಯುವ ದುಡ್ಡು. ಆರು ತಿಂಗಳ ಮನೆ ಖರ್ಚು ಉಳಿಯದಿದ್ದರೆ ಎಷ್ಟೇ ಒಳ್ಳೆಯ ಮನೆಯಾದರೂ ಅದು ನಿಮ್ಮ ಕೈಗೆ ಮೀರಿದ್ದು.

ಬಾಡಿಗೆ

ಬಾಡಿಗೆ ಕೊಟ್ಟ ದುಡ್ಡು ನೀರಿಗೆ ಹಾಕಿದ ಹಾಗೆ ಅಂತ ಮನೆ ಹಿರಿಯರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. 32 ಲಕ್ಷ ಸಾಲಕ್ಕೆ 8.5% ಬಡ್ಡಿ, 20 ವರ್ಷದ ಅವಧಿ ಅಂದರೆ ತಿಂಗಳ ಕಂತು ಸುಮಾರು 27,800 ರೂಪಾಯಿ. ಅಂಥದ್ದೇ ಮನೆ ಬಾಡಿಗೆಗೆ 12 ಸಾವಿರಕ್ಕೆ ಸಿಕ್ಕರೆ, ಉಳಿಯುವ 15 ಸಾವಿರವನ್ನು ನಿಜವಾಗಿಯೂ ಉಳಿಸುವವರಿಗೆ ಬಾಡಿಗೆಯೇ ಲಾಭ. ಉಳಿಸದೆ ಖರ್ಚು ಮಾಡಿಬಿಡುವವರಿಗೆ ಕಂತೇ ಒಳ್ಳೆಯ ಶಿಸ್ತು. ನೀವು ಯಾವ ಥರದವರು ಅನ್ನುವುದು ನಿಮಗೇ ಗೊತ್ತಿರುತ್ತದೆ, ಅಲ್ವಾ?

ಬಾಡಿಗೆ ಮನೆಗೆ ಕೆಟ್ಟ ಕಾಲ ಮೇ, ಜೂನ್. ಶಾಲೆ ಶುರುವಾಗುವ ಹೊತ್ತು, ಊರೆಲ್ಲ ಮನೆ ಬದಲಿಸುತ್ತದೆ. ಬೆನ್ನಿಗೇ ಕಾಲೇಜು ಸೇರುವ ಹುಡುಗರು ಬರುತ್ತಾರೆ. ಎಸ್‌ಐಟಿ ಬಡಾವಣೆ, ಅಶೋಕ ನಗರ, ಎಸ್.ಎಸ್. ಪುರಂ ಕಡೆ ಟು-ಲೆಟ್ ಬೋರ್ಡ್ ಬೆಳಿಗ್ಗೆ ಹಾಕಿದರೆ ಸಂಜೆಗೆ ಇರುವುದಿಲ್ಲ. ಆಷಾಢದಲ್ಲಿ ಮತ್ತು ಧನುರ್ಮಾಸದಲ್ಲಿ ಹಾಲು ಉಕ್ಕಿಸಲು ಜನ ಹಿಂಜರಿಯುತ್ತಾರೆ. ಆಗ ಮನೆ ಖಾಲಿ ಇಟ್ಟುಕೊಂಡ ಮಾಲೀಕರು ಅಡ್ವಾನ್ಸ್ ಕಡಿಮೆ ಮಾಡುತ್ತಾರೆ, ಬಣ್ಣ ಹೊಡೆಸಿಕೊಡುತ್ತಾರೆ. ನಿಮಗೆ ಆ ಶಾಸ್ತ್ರದ ತಕರಾರು ಇಲ್ಲದಿದ್ದರೆ ಅದೇ ನಿಮ್ಮ ತಿಂಗಳು.

ಭೋಗ್ಯ

ನರ್ಸ್ ಅಕ್ಕನ ಜೊತೆ ಕೂತು ಮಾಡಿದ ಲೆಕ್ಕ ಹೀಗಿದೆ. ಮಾಲೀಕರು ಕೇಳಿದ್ದು 8 ಲಕ್ಷ, ಮೂರು ವರ್ಷಕ್ಕೆ. ಅಷ್ಟು ದುಡ್ಡು ಬ್ಯಾಂಕಿನಲ್ಲಿ 7%ಗೆ ಇಟ್ಟರೆ ತಿಂಗಳಿಗೆ ಸುಮಾರು 4,650 ರೂಪಾಯಿ ಬರುತ್ತದೆ. ಈಗ ಕಟ್ಟುತ್ತಿರುವ ಬಾಡಿಗೆ 10 ಸಾವಿರ. ಅಂದರೆ ಭೋಗ್ಯ ಹಾಕಿಕೊಂಡರೆ ತಿಂಗಳಿಗೆ 5 ಸಾವಿರದ ಮೇಲೆ ಉಳಿತಾಯ. ಕೈಯಲ್ಲಿ ದುಡ್ಡಿದ್ದರೆ ಲಾಭವೇ.

ಆದರೆ ಅಕ್ಕನ ಕೈಯಲ್ಲಿದ್ದದ್ದು 3 ಲಕ್ಷ. ಉಳಿದ 5 ಲಕ್ಷಕ್ಕೆ ಪರ್ಸನಲ್ ಲೋನ್ ತೆಗೆಯುವ ಯೋಚನೆ. 12% ಬಡ್ಡಿ ಅಂದರೂ ಮೊದಲ ವರ್ಷ ಆ 5 ಲಕ್ಷಕ್ಕೆ ತಿಂಗಳಿಗೆ 5 ಸಾವಿರದ ಹತ್ತಿರ ಬಡ್ಡಿಗೇ ಹೋಗುತ್ತದೆ, ಅಸಲು ಬೇರೆ ಕಟ್ಟಬೇಕು. ಸಾಲ ಮಾಡಿ ಭೋಗ್ಯ ಹಾಕುವುದು ಬೇಡ ಅಂದೆ.

ಲೆಕ್ಕಕ್ಕಿಂತ ದೊಡ್ಡದು ಭದ್ರತೆ. ನಮ್ಮ ಚಿಕ್ಕಪ್ಪನ ಮಗನಿಗೆ ಭೋಗ್ಯದ ಅವಧಿ ಮುಗಿದದ್ದು ಜೂನ್ ಕೊನೆಗೆ. ಮಾಲೀಕರು "ಇನ್ನೊಬ್ಬರು ಬರಲಿ, ಅವರ ದುಡ್ಡು ಇಸ್ಕೊಂಡು ನಿಮಗೆ ಕೊಡ್ತೀನಿ" ಅಂದರು. ಆಷಾಢ ಬಂತು, ಯಾರೂ ಬರಲಿಲ್ಲ. ಶ್ರಾವಣದಲ್ಲಿ ಬಂದವರು ಒಪ್ಪಲಿಲ್ಲ. ಆಮೇಲೆ ಪಿತೃಪಕ್ಷ. ಅವನ ದುಡ್ಡು ಕೈಗೆ ಬಂದದ್ದು ದೀಪಾವಳಿ ಕಳೆದ ಮೇಲೆ, ಅದೂ ಎರಡು ಕಂತಿನಲ್ಲಿ. ಅಷ್ಟರಲ್ಲಿ ಅವನು ನೋಡಿಟ್ಟ ಮನೆ ಬೇರೆಯವರ ಪಾಲಾಗಿತ್ತು. ಅದಕ್ಕೇ ಹೇಳುವುದು, ಭೋಗ್ಯದ ಕರಾರು ಏಪ್ರಿಲ್ ಅಥವಾ ಮೇನಲ್ಲಿ ಮುಗಿಯುವ ಹಾಗೆ ಬರೆಸಿ. ಮಾಲೀಕರಿಗೆ ಹೊಸಬರು ಸಿಗುವ ಕಾಲ ಅದು.

ಮನೆಯ ಮೇಲೆ ಬ್ಯಾಂಕ್ ಸಾಲ ಇದೆಯಾ ಅಂತ ನೋಡಲು ಇಸಿ, ಅಂದರೆ ಋಣಭಾರ ಪತ್ರ ತೆಗೆಸಿ. ಮಾಲೀಕರು ಕಂತು ಕಟ್ಟದೆ ಬಿಟ್ಟರೆ ಬ್ಯಾಂಕಿನವರು ನಿಮ್ಮ ಬಾಗಿಲಿಗೇ ನೋಟಿಸ್ ಅಂಟಿಸುತ್ತಾರೆ. ಸ್ಟ್ಯಾಂಪ್ ಪೇಪರಿನಲ್ಲಿ ಬರೆದು ನೋಟರಿ ಮಾಡಿಸಿದರೆ ಸಾಕು ಅನ್ನುವವರು ಜಾಸ್ತಿ. ಸಾಲದು. ಒಂದು ವರ್ಷ ಮೀರಿದ ಗುತ್ತಿಗೆಯನ್ನೂ ಸ್ವಾಧೀನ ಕೊಡುವ ಅಡಮಾನವನ್ನೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು ಅಂತ ಕಾನೂನೇ ಇದೆ. ಖರ್ಚಾಗುತ್ತದೆ ನಿಜ, 8 ಲಕ್ಷದ ಮುಂದೆ ಆ ಖರ್ಚು ದೊಡ್ಡದಲ್ಲ.

ಹಳೇ ಬಡಾವಣೆಯಲ್ಲಿ ಕಟ್ಟಿದ ಮನೆ

ಮೇಷ್ಟ್ರಿಗೆ ನಾನು ಹೇಳಿದ್ದು ಇದನ್ನೇ. ಸೋಮೇಶ್ವರಪುರಂ, ಕುವೆಂಪು ನಗರ, ಸಿದ್ಧಗಂಗಾ ಬಡಾವಣೆ, ಜಯನಗರದಂಥ ಕಡೆ ರಸ್ತೆ, ಚರಂಡಿ, ಬೀದಿ ದೀಪ, ಅಂಗಡಿ ಎಲ್ಲ ಆಗಿ ಹೋಗಿದೆ. ಅಕ್ಕಪಕ್ಕದವರು ಯಾರು ಅಂತ ಮೊದಲೇ ಗೊತ್ತಾಗುತ್ತದೆ. ಕೆಳಗಿನ ಮನೆಯಲ್ಲಿ ತಾವಿದ್ದು ಮೇಲಿನದನ್ನು ಬಾಡಿಗೆಗೆ ಕೊಟ್ಟರೆ ಪಿಂಚಣಿಗೆ ಆಸರೆ. ತೊಂದರೆ ಏನು ಅಂದರೆ ದುಡ್ಡು ಒಟ್ಟಿಗೆ ಬೇಕು, ಮತ್ತು ಮನೆಯ ವಯಸ್ಸು.

ಕಳೆದ ಅಕ್ಟೋಬರಿನಲ್ಲಿ ಅವರ ಜೊತೆ 30×40 ಸೈಟಿನ ಒಂದು ಮನೆ ನೋಡಲು ಹೋಗಿದ್ದೆ. ಹೊಸ ಬಣ್ಣ, ಹೊಸ ಗೇಟು. ಹಿಂದಿನ ರಾತ್ರಿ ಜೋರು ಮಳೆ ಬಂದಿತ್ತು. ನಮ್ಮ ಕಡೆ ಮಳೆ ಜಾಸ್ತಿ ಬೀಳುವುದೇ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಹಾಲ್‌ನಲ್ಲಿ ನಿಂತಾಗ ಏನೂ ಕಾಣಲಿಲ್ಲ. ಮೇಷ್ಟ್ರ ಮನೆಯವರು ಅಡುಗೆಮನೆ ಹಿಂದಿನ ಸ್ಟೋರ್ ರೂಮಿಗೆ ಹೋಗಿ ಬೀರುವನ್ನು ಸ್ವಲ್ಪ ಸರಿಸಿದರು. ಹಿಂದಿನ ಗೋಡೆಯಲ್ಲಿ ನೆಲದಿಂದ ಒಂದು ಮೊಳ ಎತ್ತರಕ್ಕೆ ಗೆರೆ ಎಳೆದ ಹಾಗೆ ತೇವ. ಬೆರಳಿಟ್ಟರೆ ಬಣ್ಣದ ಸಿಪ್ಪೆ ಉದುರಿತು. ಆಮೇಲೆ ಸಂಪಿನ ಮುಚ್ಚಳ ತೆಗೆಸಿದೆವು. ತಳದಲ್ಲಿ ಕೆಸರು, ಒಂದು ಮೂಲೆಯಲ್ಲಿ ಬಿರುಕು. ಎದುರು ಮನೆಯ ಅಜ್ಜಿಯನ್ನು ಕೇಳಿದಾಗ "ಮಳೆ ಬಂದ್ರೆ ಈ ಬೀದಿ ನೀರೆಲ್ಲ ಆ ಮನೆ ಮುಂದಕ್ಕೇ ಬಂದು ನಿಲ್ಲೋದು ಕಣಪ್ಪ" ಅಂದರು. ಬೇಸಿಗೆಯಲ್ಲಿ ನೋಡಿದ್ದರೆ ಮೇಷ್ಟ್ರು ಅವತ್ತೇ ಟೋಕನ್ ಕೊಟ್ಟು ಬರುತ್ತಿದ್ದರು.

ಹಾಗಾಗಿ ಕಟ್ಟಿದ ಮನೆಯನ್ನು ಎರಡು ಸಲ ನೋಡಿ. ಒಂದು ಸಲ ಮಳೆ ಬಂದ ಮಾರನೆ ದಿನ, ಇನ್ನೊಂದು ಸಲ ಏಪ್ರಿಲ್‌ನಲ್ಲಿ ನೀರಿಗಾಗಿ. ಏಪ್ರಿಲ್‌ವರೆಗೆ ಕಾಯಲು ಆಗದಿದ್ದರೆ ಆ ಬೀದಿಯ ಮೂರು ಮನೆಯವರನ್ನು ಕೇಳಿ: ಬೇಸಿಗೆಯಲ್ಲಿ ಎಷ್ಟು ದಿನಕ್ಕೊಮ್ಮೆ ನೀರು ಬಿಡುತ್ತಾರೆ, ಟ್ಯಾಂಕರ್ ಹಾಕಿಸುತ್ತೀರಾ?

ಸಾಲದ ವಿಷಯ. 30 ಲಕ್ಷದವರೆಗಿನ ಸಾಲಕ್ಕೆ ಮನೆ ಬೆಲೆಯ 90%, ಅದಕ್ಕಿಂತ ಮೇಲೆ 75 ಲಕ್ಷದವರೆಗೆ 80% ರಿಸರ್ವ್ ಬ್ಯಾಂಕ್ ಹಾಕಿರುವ ಮಿತಿ. ಆ ಬೆಲೆ ಅಂದರೆ ಬ್ಯಾಂಕಿನ ಎಂಜಿನಿಯರ್ ಕಟ್ಟಿದ ಬೆಲೆ. ಮಾರುವವರು ಹೇಳಿದ್ದಲ್ಲ. ಹಳೇ ಮನೆಗೆ ಅವರು ಕಡಿಮೆಯೇ ಕಟ್ಟುತ್ತಾರೆ. 40 ಲಕ್ಷದ ಮನೆಗೆ 32 ಲಕ್ಷ ಸಾಲ ಸಿಕ್ಕರೂ ಕೈಯಿಂದ 8 ಲಕ್ಷ, ರಿಜಿಸ್ಟ್ರೇಷನ್ 3 ಲಕ್ಷ, ರಿಪೇರಿ, ಬಣ್ಣ. 12 ಲಕ್ಷ ಇಲ್ಲದೆ ಈ ದಾರಿಗೆ ಬರಬೇಡಿ. ಪತ್ರದಲ್ಲಿ ಕಡಿಮೆ ತೋರಿಸಿ ಉಳಿದದ್ದು ನಗದು ಕೊಡಿ ಅಂದರೆ ಒಪ್ಪಬೇಡಿ. ಸಾಲವೂ ಕಡಿಮೆಯಾಗುತ್ತದೆ, ನಾಳೆ ವ್ಯಾಜ್ಯ ಬಂದರೆ ಆ ನಗದಿಗೆ ದಾಖಲೆಯೂ ಇರುವುದಿಲ್ಲ.

ಫ್ಲ್ಯಾಟ್

ತುಮಕೂರಿನ ಜನಕ್ಕೆ ಫ್ಲ್ಯಾಟ್ ಮೇಲೆ ಇನ್ನೂ ಮನಸ್ಸು ಪೂರ್ತಿ ಕೂತಿಲ್ಲ. ಸ್ವಂತ ನೆಲ ಬೇಕು ಅನ್ನುತ್ತೇವೆ. ಅದಕ್ಕೇ ಮರಳಿ ಮಾರಲು ಹೋದಾಗ ಕೊಳ್ಳುವವರು ಕಡಿಮೆ ಸಿಗುತ್ತಾರೆ. ಇದು ಕೊಳ್ಳುವಾಗ ನಿಮಗೆ ಲಾಭ, ಮಾರುವಾಗ ನಷ್ಟ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ, ವಯಸ್ಸಾದವರು ಒಂಟಿಯಾಗಿ ಇರುವ ಮನೆಗೆ ಇದು ಅನುಕೂಲ.

ಖರ್ಚಿನಲ್ಲೂ ಒಂದು ಅನುಕೂಲ ಇದೆ. ಮೊದಲ ಸಲ ನೋಂದಣಿಯಾಗುವ ಫ್ಲ್ಯಾಟ್‌ಗೆ 20 ಲಕ್ಷದವರೆಗೆ ಮುದ್ರಾಂಕ ಶುಲ್ಕ 2%, 45 ಲಕ್ಷದವರೆಗೆ 3%. ಆದರೆ ಕಟ್ಟುತ್ತಿರುವ ಫ್ಲ್ಯಾಟ್‌ಗೆ ಜಿಎಸ್‌ಟಿ ಬರುತ್ತದೆ, ಸಾಮಾನ್ಯವಾಗಿ 5%. 45 ಲಕ್ಷದೊಳಗಿನ ಸಣ್ಣ ಫ್ಲ್ಯಾಟ್‌ಗೆ 1%. ಪೂರ್ಣಗೊಂಡ ಪ್ರಮಾಣಪತ್ರ ಸಿಕ್ಕಿದ ಮೇಲೆ ಕೊಂಡರೆ ಜಿಎಸ್‌ಟಿ ಇಲ್ಲ. ಎಂಟಕ್ಕಿಂತ ಹೆಚ್ಚು ಮನೆ ಇರುವ ಅಥವಾ 500 ಚದರ ಮೀಟರ್ ಮೀರಿದ ಜಾಗದ ಯೋಜನೆಯಾದರೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ನಂಬರ್ ಇರಬೇಕು. ನಂಬರ್ ಕೇಳಿ, ಮನೆಗೆ ಬಂದು ರೇರಾ ತಾಣದಲ್ಲಿ ಹಾಕಿ ನೋಡಿ.

ಸೈಟ್

ರೈಲಿನ ಹುಡುಗನ ಕನಸು ಇದೇ. ರಿಂಗ್ ರಸ್ತೆ ಆಚೆ, ಶಿರಾ ರಸ್ತೆ, ಗುಬ್ಬಿ ರಸ್ತೆ, ಕುಣಿಗಲ್ ರಸ್ತೆ ಎಲ್ಲೆಲ್ಲೂ ಬಡಾವಣೆ. ಬ್ರೋಕರ್ ಬಾಯಲ್ಲಿ ವಸಂತನರಸಾಪುರದ ಕೈಗಾರಿಕೆ, ಗುಬ್ಬಿ ತಾಲ್ಲೂಕಿನ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ, ಮೆಟ್ರೋ ಎಲ್ಲ ಬರುತ್ತದೆ. ಕಾರ್ಖಾನೆ 2023ರಲ್ಲೇ ಉದ್ಘಾಟನೆಯಾಗಿದೆ, ಅದು ನಿಜ. ಮೆಟ್ರೋ ಮಾತ್ರ 2024ರ ನವೆಂಬರಿನಲ್ಲಿ ಮಾದಾವರಕ್ಕೆ ಬಂದು ನಿಂತಿದೆ. ತುಮಕೂರಿನವರೆಗೆ ಅನ್ನುವುದು ಪ್ರಸ್ತಾವ. ಹಳಿ ಬೀಳದ ಮೆಟ್ರೋಗೆ ಇವತ್ತೇ ದುಡ್ಡು ಕೊಡಬೇಡಿ.

ಸೈಟುಗಳಲ್ಲಿ ಎರಡು ಜಾತಿ. ಭೂ ಪರಿವರ್ತನೆ ಆಗಿ, ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ಟೂಡಾ ನಕ್ಷೆಗೆ ಒಪ್ಪಿಗೆ ಕೊಟ್ಟು, ರಸ್ತೆ ಮತ್ತು ಪಾರ್ಕನ್ನು ಬಿಟ್ಟುಕೊಟ್ಟ ಬಡಾವಣೆ ಒಂದು. ಹೊಲದಲ್ಲೇ ಕಲ್ಲು ನೆಟ್ಟು ಮಾರುವ ರೆವಿನ್ಯೂ ಸೈಟ್ ಇನ್ನೊಂದು. ಎರಡನೆಯದು ಅಗ್ಗ. ಹುಡುಗ ಅದಕ್ಕೇ ಮನಸ್ಸು ಮಾಡಿದ್ದ. ನಾನು ಕೈಮುಗಿದು ಬೇಡ ಅಂದೆ. 2024ರ ಅಕ್ಟೋಬರಿನಿಂದ ಇ-ಖಾತೆ, ಅಂದರೆ ಆಸ್ತಿಯ ಆನ್‌ಲೈನ್ ಖಾತೆ ಇಲ್ಲದೆ ನೋಂದಣಿ ಆಗುವುದಿಲ್ಲ. ಆಗದಿದ್ದಾಗ "ಜಿಪಿಎ ಮಾಡಿಕೊಡ್ತೀವಿ, ಅಗ್ರಿಮೆಂಟ್ ಹಾಕೋಣ" ಅನ್ನುತ್ತಾರೆ. ಜಿಪಿಎ ಅಂದರೆ ಬರೀ ಅಧಿಕಾರ ಪತ್ರ. ಅದರ ಮೂಲಕ ಮಾರಿದರೆ ಮಾಲೀಕತ್ವ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಬ್ಯಾಂಕೂ ಸಾಲ ಕೊಡುವುದಿಲ್ಲ.

ಇನ್ನೊಂದು ಅಪಾಯ ಬಹಳ ಜನಕ್ಕೆ ಗೊತ್ತಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಕೊಂಡಿದ್ದರೆ, 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಅದು ಮೂಲ ಕುಟುಂಬಕ್ಕೆ ವಾಪಸ್ ಹೋಗುತ್ತದೆ. ಹೋಗಬೇಕಾದ್ದೂ ಹೌದು, ಅದು ಅವರ ನೆಲ. 2023ರ ತಿದ್ದುಪಡಿ ಬಂದ ಮೇಲೆ ಅರ್ಜಿ ಹಾಕಲು ಕಾಲಮಿತಿಯೂ ಇಲ್ಲ. ಸೈಟಿನ ಮೂಲ ಸರ್ವೆ ನಂಬರ್ ಹಿಡಿದು, ಜಮೀನು ಮೊದಲು ಯಾರಿಗೆ ಹೇಗೆ ಬಂತು ಅಂತ ವಕೀಲರ ಹತ್ತಿರ ಹಳೇ ಪಹಣಿ, ಮ್ಯುಟೇಷನ್ ಎಲ್ಲ ನೋಡಿಸಿ. ಪತ್ರದಲ್ಲಿರುವ ಚಕ್ಕುಬಂದಿ, ಅಂದರೆ ನಾಲ್ಕೂ ದಿಕ್ಕಿನ ಗಡಿ, ಜಾಗದ ಮೇಲೆ ಹೊಂದುತ್ತಾ ಅಂತ ಟೇಪ್ ಹಿಡಿದೇ ಅಳೆಯಿರಿ.

ಒಪ್ಪಿಗೆ ಆದ ಸೈಟಿನಲ್ಲೂ ಒಂದು ಕಷ್ಟ ಇದೆ. ಸೈಟ್ ಕೊಂಡರೆ ಬಾಡಿಗೆ ನಿಲ್ಲುವುದಿಲ್ಲ. ಸಾಲದ ಕಂತು, ಬಾಡಿಗೆ, ಆಮೇಲೆ ಕಟ್ಟುವ ಖರ್ಚು ಮೂರೂ ಒಟ್ಟಿಗೆ ಮೈಮೇಲೆ ಬರುತ್ತವೆ. ಎರಡು ವರ್ಷದೊಳಗೆ ಕಟ್ಟುವ ಶಕ್ತಿ ಇದ್ದರೆ ಸೈಟ್ ಒಳ್ಳೆಯದು. ಮನೆ ನಿಮ್ಮ ಇಷ್ಟದಂತೆ ಬರುತ್ತದೆ. ದಕ್ಷಿಣ ಬಾಗಿಲಿನ ಸೈಟ್ ಬಗ್ಗೆ ನಿಮಗೆ ಅಳುಕಿಲ್ಲದಿದ್ದರೆ ಕೇಳಿ ನೋಡಿ. ಅದು ನಿಧಾನಕ್ಕೆ ಹೋಗುತ್ತದೆ, ಆದ್ದರಿಂದ ಬೆಲೆಯಲ್ಲಿ ಬಗ್ಗುತ್ತಾರೆ.

ತಿಂಗಳುಗಳ ಲೆಕ್ಕ

ಸಂಕ್ರಾಂತಿ ಕಳೆದ ಮೇಲೆ ಯುಗಾದಿ, ಅಕ್ಷಯ ತೃತೀಯದವರೆಗೆ ಮಾರುವವರ ಕಾಲ. ಗೃಹಪ್ರವೇಶಗಳು ಸಾಲುಸಾಲು. ಗುಬ್ಬಿ, ತಿಪಟೂರು, ತುರುವೇಕೆರೆ ಕಡೆಯಿಂದ ಅಡಿಕೆ, ಕೊಬ್ಬರಿಯ ದುಡ್ಡು ಹಿಡಿದು ಸೈಟ್ ಕೇಳಲು ಬರುವವರೂ ಇರುತ್ತಾರೆ. ಆಗ ಚೌಕಾಸಿ ಕಷ್ಟ. ಏಪ್ರಿಲ್‌ನಲ್ಲಿ ಕೊಳ್ಳದಿದ್ದರೂ ಸುತ್ತಾಡಿ, ನೀರು ನೋಡಿಕೊಳ್ಳಿ.

ಆಷಾಢ ಕೊಳ್ಳುವವರ ಕಾಲ. 2026ರಲ್ಲಿ ಮೇ ಮಧ್ಯದಿಂದ ಜೂನ್ ಮಧ್ಯದವರೆಗೆ ಅಧಿಕ ಜ್ಯೇಷ್ಠ. ಆಮೇಲೆ ನಿಜ ಜ್ಯೇಷ್ಠದ ಒಂದು ತಿಂಗಳು. ಜುಲೈ ಮಧ್ಯದಿಂದ ಆಗಸ್ಟ್ 12ರವರೆಗೆ ಆಷಾಢ. ಅಂದರೆ ಮೂರು ತಿಂಗಳಲ್ಲಿ ಎರಡು ತಿಂಗಳು ಜನ ಶುಭಕಾರ್ಯಕ್ಕೆ ಕೈಹಾಕುವುದಿಲ್ಲ. ಮಗಳ ಮದುವೆ, ಸಾಲ, ವರ್ಗ ಅಂತ ನಿಜವಾಗಿ ಅವಸರ ಇರುವವರು ಈ ದಿನಗಳಲ್ಲೇ ಫೋನ್ ಎತ್ತಿ ಮಾತಾಡುತ್ತಾರೆ. ವಕೀಲರಿಗೂ ಬ್ಯಾಂಕಿನವರಿಗೂ ಕಾಗದ ಕೊಟ್ಟು ನಿಧಾನವಾಗಿ ನೋಡಿಸಲು ಇದೇ ಸಮಯ. ಮಾತು ಆಷಾಢದಲ್ಲಿ ಮುಗಿಸಿ, ಬರೆಸುವುದು ಶ್ರಾವಣದಲ್ಲಿ ಮಾಡಿದರೆ ಮನೆಯ ಹಿರಿಯರಿಗೂ ಸಮಾಧಾನ. ಪಿತೃಪಕ್ಷ ಮತ್ತು ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗಿನ ಧನುರ್ಮಾಸಕ್ಕೂ ಇದೇ ಮಾತು.

ಈ ಲೆಕ್ಕದ ಮೇಲೆ ಮೂವರೂ ತಮ್ಮ ತಮ್ಮ ದಾರಿ ಹಿಡಿದಿದ್ದಾರೆ. ನರ್ಸ್ ಅಕ್ಕ ಬಾಡಿಗೆಯಲ್ಲೇ ಮುಂದುವರಿದು, ತಿಂಗಳಿಗೆ 8 ಸಾವಿರ ಆರ್‌ಡಿ ಕಟ್ಟಲು ಶುರು ಮಾಡಿದ್ದಾರೆ. ರೈಲಿನ ಹುಡುಗ ರೆವಿನ್ಯೂ ಸೈಟಿಗೆ ಕೊಡಬೇಕಿದ್ದ ಟೋಕನ್ ಕೊಡಲಿಲ್ಲ. ಸದ್ಯಕ್ಕೆ ಸ್ಟೇಷನ್‌ಗೆ ನಡೆದು ಹೋಗುವಷ್ಟು ಹತ್ತಿರ ಬಾಡಿಗೆ ಮನೆ ಹುಡುಕುತ್ತಿದ್ದಾನೆ, ಸೈಟಿನ ಮಾತು ಮುಂದಿನ ವರ್ಷಕ್ಕೆ. ಮೇಷ್ಟ್ರಿಗೆ ಕುವೆಂಪು ನಗರದಲ್ಲಿ ಒಂದು ಮನೆ ಹಿಡಿಸಿದೆ. ಕಾಗದ ವಕೀಲರ ಹತ್ತಿರ ಇದೆ. ಮೊನ್ನೆ ರಾತ್ರಿ ಮಳೆ ಬಂತು. ಬೆಳಿಗ್ಗೆ ಆರೂವರೆಗೇ ಮೇಷ್ಟ್ರ ಮನೆಯವರ ಫೋನ್: "ಬಾಪ್ಪ, ಇವತ್ತೇ ಹೋಗಿ ಆ ಗೋಡೆ ನೋಡ್ಕೊಂಡು ಬರೋಣ."